ತಾಯಿಯ ರೆಕ್ಕೆಗೆ ಬದಲಾಗಿ

ಜಾತ್ರೆಯ ಬೀದಿಯಲ್ಲಿಯೋ ಪೇಟೆಯ ತಿರುವಿನಲ್ಲಿಯೋ ಅಗಲವಾದ ಬಿದಿರು ಬುಟ್ಟಿಯೊಂದನ್ನು ಮುಂದಿಟ್ಟುಕೊಂಡು ಕುಳಿತ ವ್ಯಾಪಾರಿಯನ್ನು ಕಾಣದ ಪಟ್ಟಣಿಗರು ವಿರಳ. ಬುಟ್ಟಿಯ ತುಂಬ ಹಳದಿ, ಗುಲಾಬಿ, ಹಸಿರು, ನೀಲಿ ಬಣ್ಣದ ಕೋಳಿಮರಿಗಳು. ಹೂವಿನ ರಾಶಿಗೆ ಜೀವ ಬಂದಂತೆ ಮಿಸುಕುತ್ತ ಚಿಲಿಪಿಲಿಗುಟ್ಟುತ್ತಿರುತ್ತವೆ. ತಂದೆಯ ಕೈ ಹಿಡಿದು ಬಂದ ಮಗು ಅಲ್ಲಿಂದ ಕದಲುವುದಿಲ್ಲ. ಕಡೆಗೆ ಎರಡು ಮರಿಗಳು ಪಾದರಕ್ಷೆಯ ಖಾಲಿ ಪೆಟ್ಟಿಗೆಯೊಂದರಲ್ಲಿ ಮನೆ ಸೇರುತ್ತವೆ. ಪೆಟ್ಟಿಗೆಯ ತಳಕ್ಕೆ ನುಣುಪಾದ ಒಂದು ಹಾಳೆ, ಮೂಲೆಯಲ್ಲಿ ಬಟ್ಟಲು ತುಂಬ ನೀರು, ಒಂದು ಹಿಡಿ ಅಕ್ಕಿ. ಮನೆಮಂದಿಯೆಲ್ಲ ಸುತ್ತ ನಿಂತು ನೋಡಿ, ನಕ್ಕು, ದೀಪವಾರಿಸಿ ಮಲಗುತ್ತಾರೆ.

ನಡುರಾತ್ರಿಯವರೆಗೆ ಪೆಟ್ಟಿಗೆಯಿಂದ ಗಟ್ಟಿಯಾದ ಕೂಗು ಕೇಳುತ್ತಿರುತ್ತದೆ. ಆಮೇಲೆ ಅದು ನಿಲ್ಲುತ್ತದೆ. ಮರಿಗಳು ನಿದ್ರಿಸಿದವೆಂದು ದೊಡ್ಡವರು ಸಮಾಧಾನಪಡುತ್ತಾರೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಓಡಿದ ಮಗುವಿಗೆ ಕಾಣುವುದು, ತೊಯ್ದ ಕಾಗದದ ಮೇಲೆ ಒಂದಕ್ಕೊಂದು ಆತುಕೊಂಡು ಸೆಟೆದು ಬಿದ್ದ ಎರಡು ಪುಟ್ಟ ದೇಹಗಳು.

“ಅವುಗಳ ಆಯುಸ್ಸು ಅಷ್ಟೇ ಇತ್ತು, ಮಗು” ಎಂದು ಅಜ್ಜಿ ತಲೆ ಸವರುತ್ತಾಳೆ. ಮಗುವಿನ ಅಳು ಒಂದು ದಿನಕ್ಕೆ ಅಡಗುತ್ತದೆ. ಆದರೆ ಅಜ್ಜಿಯ ಮಾತು ಸಾಂತ್ವನವೇ ಹೊರತು ಸತ್ಯವಲ್ಲ. ಆ ಮರಿಗಳ ಆಯುಸ್ಸು ತೀರಿರಲಿಲ್ಲ. ಅವು ಚಳಿಯಿಂದಲೂ ತೇವದಿಂದಲೂ ಸತ್ತವು. ಅವುಗಳಿಗೆ ಬೇಕಾಗಿದ್ದುದು ಒಂದಿಷ್ಟು ಕಾವು, ಒಣಗಿದ ಒಂದು ಹಾಸು, ಗಾಳಿಗೆ ಅಡ್ಡವಾಗಿ ಒಂದು ಮರೆ. ತಾಯಿಕೋಳಿಯ ರೆಕ್ಕೆಯ ಅಡಿಯಲ್ಲಿ ಈ ಮೂರೂ ಒಟ್ಟಿಗೆ ದೊರೆಯುತ್ತವೆ. ತಾಯಿ ಇಲ್ಲದ ಕಡೆ ಮನುಷ್ಯನು ಇವನ್ನು ಒಂದೊಂದಾಗಿ ಒದಗಿಸಬೇಕು. ಮರಿ ಸಾಕುವ ವಿದ್ಯೆಯ ಬಹುಭಾಗ ಇಷ್ಟೇ.

ಮಂಕರಿಯ ಕೆಳಗಿನ ಲೋಕ

ಹಳ್ಳಿಯ ಹಿತ್ತಲಲ್ಲಿ ಕಾವಿಗೆ ಕುಳಿತ ಹೇಂಟೆ 21 ದಿನಗಳ ಕಾಲ ಮೊಟ್ಟೆಗಳನ್ನು ಎದೆಗವುಚಿಕೊಂಡಿರುತ್ತದೆ. ಮರಿಗಳು ಹೊರಬಂದ ಮೇಲೂ ಅದರ ಕೆಲಸ ಮುಗಿಯುವುದಿಲ್ಲ. ಬಿಸಿಲಲ್ಲಿ ಸ್ವಲ್ಪ ಹೊತ್ತು ಮೇಯಿಸುತ್ತದೆ. ಮರಿಗಳು ನಡುಗತೊಡಗಿದೊಡನೆ ಕುಳಿತು ರೆಕ್ಕೆ ಅಗಲಿಸುತ್ತದೆ. ಒಳಹೊಕ್ಕ ಮರಿಗಳಲ್ಲಿ ಯಾವುದಕ್ಕಾದರೂ ಸೆಕೆಯಾದರೆ ಅದು ಗರಿಗಳ ನಡುವೆ ತಲೆ ಹೊರಗಿಡುತ್ತದೆ. ಚಳಿಯಾದರೆ ಮತ್ತೆ ಒಳಸೇರುತ್ತದೆ. ಕಾವನ್ನು ಅಳೆದು ಕೊಡುವವಳು ತಾಯಿ. ಎಷ್ಟು ಬೇಕೋ ಅಷ್ಟನ್ನು ಆರಿಸಿಕೊಳ್ಳುವುದು ಮರಿ. ರಾತ್ರಿ ಇವರೆಲ್ಲರ ಮೇಲೆ ಮನೆಯೊಡತಿ ಒಂದು ಮಂಕರಿಯನ್ನು ಕವುಚಿ, ಬೆಕ್ಕು ಮುಂಗುಸಿಗಳ ಭಯಕ್ಕೆ ಅದರ ಮೇಲೊಂದು ಕಲ್ಲು ಹೇರಿಟ್ಟರೆ ಮುಗಿಯಿತು. ಆ ಸಂಸಾರಕ್ಕೆ ಉಷ್ಣಮಾಪಕವೂ ಬೇಡ, ವಿದ್ಯುದ್ದೀಪವೂ ಬೇಡ.

ತಾಯಿ ಇಲ್ಲದೆ ಯಂತ್ರದಲ್ಲಿ ಹುಟ್ಟಿದ ಮರಿಯ ಪಾಡು ಬೇರೆ. ಅದರ ತೂಕ ಸುಮಾರು 40 ಗ್ರಾಂ. ಮೈಮೇಲಿರುವುದು ಗರಿಯಲ್ಲ, ಬರಿಯ ತುಪ್ಪುಳು. ದೇಹ ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು; ಆದ್ದರಿಂದ ಒಳಗಿನ ಶಾಖ ಬೇಗನೆ ಸೋರಿಹೋಗುತ್ತದೆ. ಬೆಳೆದ ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಆ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಮರಿಗೆ ಹುಟ್ಟಿದೊಡನೆ ಬರುವುದಿಲ್ಲ. ಮೊದಲ ಎರಡು ವಾರಗಳಲ್ಲಿ ಕ್ರಮಕ್ರಮವಾಗಿ ಕೂಡಿಬರುತ್ತದೆ. ಅಲ್ಲಿಯವರೆಗೆ ಅದು ಹೊರಗಿನ ಕಾವಿನ ಸಾಲಗಾರ. ಚಳಿ ಹತ್ತಿದ ಮರಿ ಮೇವಿನ ಬಳಿಗೆ ಹೋಗುವುದಿಲ್ಲ, ನೀರು ಕುಡಿಯುವುದಿಲ್ಲ. ಗುಂಪುಗೂಡಿ ಒಂದರ ಮೇಲೊಂದು ಏರುತ್ತದೆ. ಅಡಿಯಲ್ಲಿ ಸಿಕ್ಕಿದ್ದು ಉಸಿರುಕಟ್ಟಿ ಸಾಯುತ್ತದೆ. ಮುಂಜಾನೆ ಪೆಟ್ಟಿಗೆಯ ಮೂಲೆಯಲ್ಲಿ ಕಾಣುವ ಸಾವುಗಳಿಗೆ ಇದೂ ಒಂದು ಕಾರಣ.

ಒಂದು ಅನುಕೂಲವನ್ನು ಮಾತ್ರ ಪ್ರಕೃತಿ ಮಾಡಿಕೊಟ್ಟಿದೆ. ಮೊಟ್ಟೆಯೊಡೆಯುವ ಮುನ್ನ ಮರಿ ಉಳಿದ ಹಳದಿ ಭಂಡಾರವನ್ನು ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಈ ಬುತ್ತಿಯ ಬಲದಿಂದ ಅದು ಎರಡು ಮೂರು ದಿನ ಅನ್ನ ನೀರಿಲ್ಲದೆ ಬದುಕಬಲ್ಲದು. ಒಂದು ದಿನದ ಮರಿಗಳನ್ನು ದೂರದೂರಿಗೆ ಸಾಗಿಸಲು ಸಾಧ್ಯವಾಗಿರುವುದು ಇದರಿಂದಲೇ. ಅಮೆರಿಕೆಯ ಅಂಚೆ ಇಲಾಖೆ 1918ರಿಂದ ಕೋಳಿಮರಿಗಳ ಪೆಟ್ಟಿಗೆಗಳನ್ನು ಅಂಚೆಯ ಮೂಲಕ ಕಳುಹಿಸಲು ಅನುಮತಿ ಕೊಟ್ಟಿತು. ಆದರೆ ಬುತ್ತಿ ಹಸಿವನ್ನು ತಡೆದೀತೇ ಹೊರತು ಚಳಿಯನ್ನು ತಡೆಯದು.

ಕುರಿಯ ತೊಗಲಿನ ತಾಯಿ

ತಾಯಿಯಿಲ್ಲದೆ ಮರಿಗಳನ್ನು ಹುಟ್ಟಿಸುವ ಜಾಣ್ಮೆ ಹೊಸದೇನಲ್ಲ. ಪ್ರಾಚೀನ ಈಜಿಪ್ಟಿನವರು ಮಣ್ಣಿನ ಇಟ್ಟಿಗೆಯ ದೊಡ್ಡ ಒಲೆಮನೆಗಳನ್ನು ಕಟ್ಟಿ ಸಾವಿರಾರು ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದರು. ಅಲ್ಲಿ ದುಡಿಯುವವರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿಕೊಂಡು ಕಾವು ಸರಿಯಾಗಿದೆಯೇ ಎಂದು ತಿಳಿಯುತ್ತಿದ್ದರಂತೆ.

ಹುಟ್ಟಿದ ಮರಿಗಳನ್ನು ಬೆಳೆಸುವ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡವರಲ್ಲಿ ಫ್ರಾನ್ಸಿನ ವಿಜ್ಞಾನಿ ರೇಮೂರ್ ಪ್ರಮುಖನು. 1749ರಲ್ಲಿ ಅವನು ಈ ವಿಷಯವನ್ನೇ ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಗೊಬ್ಬರದ ಶಾಖದಿಂದ ಬೆಚ್ಚಗಾಗುವ ಪೆಟ್ಟಿಗೆಯೊಳಗೆ ಕುರಿಯ ತುಪ್ಪುಳಿನ ತೊಗಲನ್ನು ಇಳಿಜಾರಾಗಿ ಹೊದಿಸಿ, ಮರಿಗಳು ಅದರ ಕೆಳಗೆ ನುಸುಳಿ ಬೆನ್ನು ತಾಗಿಸಿಕೊಂಡು ಮಲಗುವಂತೆ ಏರ್ಪಡಿಸಿದನು. ಆ ಸಾಧನಕ್ಕೆ ಅವನು ಕೊಟ್ಟ ಹೆಸರು ‘ಕೃತಕ ತಾಯಿ’.

ಆ ಹೆಸರು ಇಂದಿಗೂ ಹಳತಾಗಿಲ್ಲ. ನಮ್ಮ ದೇಶದ ಗ್ರಾಮೀಣ ಹಿತ್ತಲ ಕೋಳಿ ಸಾಕಣೆಯ ಯೋಜನೆಗಳಲ್ಲಿ ಒಂದು ದಿನದ ಮರಿಗಳನ್ನು ನೇರವಾಗಿ ಬಡವರ ಕೈಗೆ ಕೊಡದೆ, ಮೊದಲ ಕೆಲವು ವಾರ ಒಂದೆಡೆ ಕಾವು ಕೊಟ್ಟು ಬೆಳೆಸಿ ಆಮೇಲೆ ಹಂಚುವ ಪದ್ಧತಿಯುಂಟು. ಆ ಬೆಳೆಸುವ ಮನೆಗಳಿಗೆ ‘ಮದರ್ ಯೂನಿಟ್’ ಎಂದೇ ಹೆಸರು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯಂಥ ಗಟ್ಟಿಮುಟ್ಟಾದ ಕೋಳಿಗೂ ಮೊದಲ ವಾರಗಳಲ್ಲಿ ಈ ತಾಯ್ತನ ತಪ್ಪಿದ್ದಲ್ಲ. ಹಿತ್ತಲಲ್ಲಿ ತಾನೇ ಕೆದಕಿ ತಿಂದು ಬದುಕಬಲ್ಲ ಹಕ್ಕಿಯೂ ಮರಿಯಾಗಿದ್ದಾಗ ಮರಿಯೇ.

ಬ್ರೂಡರಿನ ರಚನೆ

ಕಾವು ಕೊಡುವ ಈ ಏರ್ಪಾಡಿಗೆ ಕೋಳಿ ಸಾಕುವವರ ನಡುವೆ ಬಳಕೆಯಲ್ಲಿರುವ ಹೆಸರು ಬ್ರೂಡರ್. ದೊಡ್ಡ ಫಾರಂಗಳಲ್ಲಿ ಅದು ಛತ್ರಿಯಾಕಾರದ ತಗಡಿನ ಹೊದಿಕೆ, ಅನಿಲದ ಒಲೆ ಇತ್ಯಾದಿ ಸರಂಜಾಮುಗಳಿಂದ ಕೂಡಿರುತ್ತದೆ. ಮನೆಯ ಹಿತ್ತಲಿಗಾಗಿ ಇಪ್ಪತ್ತು ಮರಿ ತರುವವರಿಗೆ ಅಷ್ಟೆಲ್ಲ ಬೇಕಿಲ್ಲ.

ಮೊದಲು ಬೇಕಾದುದು ದುಂಡಗಿನ ಗೋಡೆ. ಒಂದೂವರೆ ಅಡಿ ಎತ್ತರ, ಹತ್ತು ಅಡಿ ಉದ್ದದ ರಟ್ಟನ್ನೋ ಬಿದಿರು ತಟ್ಟಿಯನ್ನೋ ತಗಡನ್ನೋ ಬಾಗಿಸಿ ತುದಿಗಳನ್ನು ಸೇರಿಸಿ ಕಟ್ಟಿದರೆ ಸುಮಾರು ಮೂರು ಅಡಿ ಅಡ್ಡಳತೆಯ ವೃತ್ತವಾಗುತ್ತದೆ. ಮೊದಲ ವಾರಕ್ಕೆ ಇಪ್ಪತ್ತು ಮರಿಗಳಿಗೆ ಇಷ್ಟು ಜಾಗ ಸಾಕು. ಮರಿ ಬೆಳೆದಂತೆ ಪಟ್ಟಿಯನ್ನು ಉದ್ದಮಾಡಿ ವೃತ್ತವನ್ನು ಹಿಗ್ಗಿಸುತ್ತ ಹೋಗಬೇಕು. ಚೌಕ ಪೆಟ್ಟಿಗೆ ಏಕೆ ಬೇಡವೆಂದರೆ ಅದಕ್ಕೆ ಮೂಲೆಗಳುಂಟು. ಬೆದರಿದ ಮರಿಗಳು ಮೂಲೆಗೆ ನುಗ್ಗಿ ರಾಶಿಯಾಗುತ್ತವೆ. ದುಂಡಗಿನ ಗೋಡೆಯ ಬದಿಗೆ ಓಡಿದ ಮರಿ ಸುತ್ತುಹಾಕಿ ಮತ್ತೆ ಕಾವಿನ ಕಡೆಗೇ ಬರುತ್ತದೆ. ಪೆಟ್ಟಿಗೆಯನ್ನೇ ಬಳಸಬೇಕಾಗಿ ಬಂದರೆ ನಾಲ್ಕು ಮೂಲೆಗಳಿಗೂ ರಟ್ಟನ್ನು ಬಾಗಿಸಿಟ್ಟು ಅವನ್ನು ಮುಚ್ಚುವುದು ಒಳಿತು. ಗೋಡೆ ನೆಲಮಟ್ಟದ ಗಾಳಿಯನ್ನು ತಡೆಯಬೇಕು. ಆದರೆ ಮೇಲ್ಭಾಗ ತೆರೆದಿರಬೇಕು. ಕಾಗೆ, ಬೆಕ್ಕು, ಇಲಿಗಳ ಕಾಟಕ್ಕೆ ಮೇಲೊಂದು ತಂತಿಬಲೆ ಸಾಕು. ಕಂಬಳಿ ಹೊದಿಸಿ ಉಸಿರಾಟಕ್ಕೆ ಗಾಳಿಯಿಲ್ಲದಂತೆ ಮಾಡಿದರೆ ಚಳಿಯನ್ನು ಕಳೆದು ಬೇರೊಂದು ಆಪತ್ತನ್ನು ತಂದಂತಾಗುತ್ತದೆ.

ಎರಡನೆಯದು ಶಾಖ. ಹಿಂದೆ ಹಿರಿಯರು ಹೇಳುತ್ತಿದ್ದುದು ಒಂದೇ ಮಾತು: “ಒಂದು ಬಲ್ಬು ತೂಗುಹಾಕಿ.” ಇಂದು ಈ ಮಾತನ್ನು ಹಾಗೆಯೇ ನಂಬಿದವರು ಮೋಸಹೋಗುತ್ತಾರೆ. ತಂತಿ ಕೆಂಪಗೆ ಕಾದು ಉರಿಯುವ ಹಳೆಯ ಬಲ್ಬು ತಾನು ಪಡೆದ ವಿದ್ಯುತ್ತಿನಲ್ಲಿ ಸೇಕಡ 90ಕ್ಕೂ ಹೆಚ್ಚು ಭಾಗವನ್ನು ಶಾಖವಾಗಿಯೇ ಕಳೆಯುತ್ತಿತ್ತು. ಮನೆಯ ಲೆಕ್ಕದಲ್ಲಿ ನಷ್ಟವಾದ ಅದೇ ಶಾಖ ಮರಿಗಳ ಪಾಲಿಗೆ ಜೀವವಾಗಿತ್ತು. 2015ರಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಆರಂಭವಾದ ಮೇಲೆ ಮನೆಮನೆಗೂ ಎಲ್‌ಇಡಿ ದೀಪ ಬಂದಿತು. ಒಂಬತ್ತು ವ್ಯಾಟಿನ ಎಲ್‌ಇಡಿ ದೀಪ ಕೋಣೆಯನ್ನೆಲ್ಲ ಬೆಳಗಿಸಬಲ್ಲದು. ಆದರೆ ಅದರ ಕೆಳಗೆ ಕುಳಿತ ಮರಿ ಹಾಡಹಗಲಿನಂಥ ಬೆಳಕಿನಲ್ಲಿಯೇ ಚಳಿಗೆ ಸೆಟೆಯುತ್ತದೆ. ಆದುದರಿಂದ ಕಾದು ಉರಿಯುವ ಹಳೆಯ ಬಗೆಯ ಬಲ್ಬನ್ನೇ ಹುಡುಕಿ ತರಬೇಕು. ಇಲ್ಲವೆ ಬೆಳಕು ಬೀರದೆ ಶಾಖವನ್ನಷ್ಟೇ ಕೊಡುವ ಪಿಂಗಾಣಿಯ ಬಲ್ಬನ್ನು, ಇಲ್ಲವೆ ಮರಿಗಳು ಅಡಿಯಲ್ಲಿ ನುಸುಳಿ ಮಲಗುವ ಬಿಸಿಹಲಗೆಯನ್ನು ಬಳಸಬೇಕು. ಈ ಬಿಸಿಹಲಗೆ ರೇಮೂರನ ಕುರಿತೊಗಲಿನ ಮೊಮ್ಮಗಳೆಂದರೆ ತಪ್ಪಾಗದು.

ನೂರಾರು ಮರಿಗಳ ಗುಂಪಿಗೆ ಮರಿಯೊಂದಕ್ಕೆ ಒಂದರಿಂದ ಎರಡು ವ್ಯಾಟಿನಂತೆ ಶಾಖದ ಲೆಕ್ಕ ಹಾಕುವುದು ರೂಢಿ. ಚಿಕ್ಕ ಗುಂಪಿನಲ್ಲಿ ಮರಿಗಳು ಒಂದನ್ನೊಂದು ಬೆಚ್ಚಗಿಡುವುದು ಕಡಿಮೆಯಾದ್ದರಿಂದ ಇಪ್ಪತ್ತು ಮರಿಗಳಿಗೆ 40 ಅಥವಾ 60 ವ್ಯಾಟಿನ ಎರಡು ಬಲ್ಬುಗಳಿದ್ದರೆ ನೆಮ್ಮದಿ. ಎರಡೇಕೆಂದರೆ ನಡುರಾತ್ರಿ ಒಂದು ಸುಟ್ಟುಹೋದರೆ ಇನ್ನೊಂದು ಬೆಳಗಿನವರೆಗೆ ಕಾಯುತ್ತದೆ. ಬಲ್ಬನ್ನು ಅದರ ವೈರಿನಿಂದಲೇ ನೇತುಹಾಕದೆ ಗಟ್ಟಿಯಾದ ಸರಪಳಿಗೆ ಕಟ್ಟಬೇಕು. ಸುತ್ತ ತಂತಿಯ ಬುಟ್ಟಿಯಿರಬೇಕು. ಅಡಿಯಲ್ಲಿರುವುದು ಒಣಹೊಟ್ಟು ಎಂಬುದನ್ನು ಮರೆತವರ ಕೊಟ್ಟಿಗೆಗಳೇ ಬೆಂದುಹೋಗಿರುವುದುಂಟು. 250 ವ್ಯಾಟಿನ ಕೆಂಪು ಶಾಖದೀಪ ದೊಡ್ಡ ಗುಂಪಿಗೆ ತಕ್ಕದ್ದು. ಮೂರು ಅಡಿಯ ರಟ್ಟಿನ ವೃತ್ತಕ್ಕೆ ಅದು ಅತಿ. ಚೂರಾಗದಿರಲೆಂದು ಟೆಫ್ಲಾನ್ ಲೇಪಿಸಿದ ಬಲ್ಬುಗಳನ್ನಂತೂ ಹಕ್ಕಿಗಳ ಬಳಿ ತರಲೇಬಾರದು. ಕಾದಾಗ ಅವು ಬಿಡುವ ಹೊಗೆ ಹಕ್ಕಿಗಳ ಶ್ವಾಸಕೋಶಕ್ಕೆ ವಿಷ.

ಶಾಖವನ್ನು ವೃತ್ತದ ಒಂದು ಭಾಗಕ್ಕೆ ಕೊಟ್ಟು ಉಳಿದುದನ್ನು ತಂಪಾಗಿ ಬಿಡುವುದು ಮುಖ್ಯ. ತಾಯಿಯ ರೆಕ್ಕೆಯಿಂದ ತಲೆ ಹೊರಗಿಡುವ ಸ್ವಾತಂತ್ರ್ಯ ಇಲ್ಲಿಯೂ ಮರಿಗೆ ಉಳಿಯಬೇಕು.

ಹಾಸಿನ ಆಯ್ಕೆ

ಮೂರನೆಯದು, ಸಾಮಾನ್ಯವಾಗಿ ಎಲ್ಲರೂ ಕಡೆಗಣಿಸುವುದು, ಕಾಲಡಿಯ ಹಾಸು. ಮರಿಯ ಎದೆ, ಹೊಟ್ಟೆ, ಕಾಲು ಮೂರೂ ಹಗಲಿರುಳು ಅದಕ್ಕೇ ತಗುಲಿರುತ್ತವೆ. ಮೇಲಿನಿಂದ ಎಷ್ಟು ಶಾಖ ಬಿದ್ದರೂ ಅಡಿಯಲ್ಲಿ ತಣ್ಣನೆಯ ಸಿಮೆಂಟು ನೆಲವಿದ್ದರೆ ಆ ಶಾಖ ಕಾಲಿನ ಮೂಲಕ ಇಳಿದುಹೋಗುತ್ತದೆ. ಹಾಸು ಮಾಡಬೇಕಾದ ಕೆಲಸ ಮೂರು: ನೆಲದ ತಂಪನ್ನು ತಡೆಯುವುದು, ಹಿಕ್ಕೆಯ ತೇವವನ್ನು ಹೀರುವುದು, ಹೀರಿದ ತೇವವನ್ನು ಮತ್ತೆ ಗಾಳಿಗೆ ಬಿಟ್ಟು ತಾನು ಒಣಗುವುದು. ಈ ಮೂರನ್ನೂ ತಕ್ಕಮಟ್ಟಿಗೆ ಮಾಡುವ, ಮೆತ್ತಗಿರುವ, ಬೂಸಲು ಹಿಡಿಯದಿರುವ, ಊರಿನಲ್ಲಿಯೇ ಅಗ್ಗವಾಗಿ ದೊರೆಯುವ ವಸ್ತುವೇ ಉತ್ತಮ ಹಾಸು.

ಬಡಗಿಯ ಕೀಸುಳಿಯಿಂದ ಸುರುಳಿ ಸುರುಳಿಯಾಗಿ ಉದುರುವ ಮರದ ಹೆರೆ ಈ ಪರೀಕ್ಷೆಯಲ್ಲಿ ಮುಂದೆ ನಿಲ್ಲುತ್ತದೆ. ಅದು ಹೀರುತ್ತದೆ, ಒಣಗುತ್ತದೆ, ಮರಿಯ ಕಾಲಿಗೆ ಹಿಡಿತ ಕೊಡುತ್ತದೆ. ಆದರೆ ಗೆದ್ದಲ ಔಷಧಿ ಸವರಿದ ಮರದ್ದಾಗಿರಬಾರದು. ಘಾಟು ಬೀರುವ ದೇವದಾರು ಜಾತಿಯ ಮರದ್ದೂ ಬೇಡ. ಗರಗಸದಿಂದ ಉದುರುವ ನುಣ್ಣನೆಯ ಪುಡಿ ಹೀರುವುದರಲ್ಲಿ ಕಡಿಮೆಯಿಲ್ಲ. ಆದರೆ ಅದರ ಧೂಳು ಮೂಗಿಗೇರುತ್ತದೆ, ಮೇವೆಂದು ಭ್ರಮಿಸಿ ಮರಿಗಳು ಅದನ್ನೇ ನುಂಗುತ್ತವೆ.

ಗದ್ದೆಯ ಸೀಮೆಯಲ್ಲಿ ಅಕ್ಕಿ ಗಿರಣಿಯ ಹಿಂದೆ ಬೆಟ್ಟದಂತೆ ಬಿದ್ದಿರುವ ಭತ್ತದ ಹೊಟ್ಟು ಹೆಚ್ಚು ಜನರ ಆಯ್ಕೆ. ಅದು ಹಗುರ, ಅಗ್ಗ, ಬೇಗ ಗಂಟುಕಟ್ಟುವುದಿಲ್ಲ. ಆದರೆ ನೀರನ್ನು ಹೀರುವ ಗುಣ ಅದಕ್ಕೆ ಕಡಿಮೆ. ಮರದ ಹೆರೆಯೊಡನೆ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬಯಲುಸೀಮೆಯಲ್ಲಿ ಸಿಗುವ ಕಡಲೆಕಾಯಿ ಸಿಪ್ಪೆ ಒಳ್ಳೆಯದೇ. ಆದರೆ ತೇವ ತಗುಲಿದರೆ ಬಲುಬೇಗ ಬೂಸಲು ಹಿಡಿಯುತ್ತದೆ. ಆ ಬೂಸಲಿನ ಬೀಜಕಣಗಳನ್ನು ಉಸಿರಾಡಿದ ಮರಿಗಳಿಗೆ ಎದೆಗೂಡಿನ ರೋಗ ಬಂದು, ಬಾಯಿ ತೆರೆದು ಏದುಸಿರು ಬಿಡುತ್ತ ಸಾಯುತ್ತವೆ. ತೆಂಗಿನ ನಾರಿನ ಪುಡಿ ನೀರನ್ನು ಚೆನ್ನಾಗಿ ಕುಡಿಯುತ್ತದೆ. ಆದರೆ ಒಣಗಿದಾಗ ಧೂಳು, ತೊಯ್ದಾಗ ಹೆಪ್ಪು. ಉದ್ದನೆಯ ಹುಲ್ಲು ಬೇಗನೆ ಚಾಪೆಯಂತೆ ಒತ್ತಿಕೊಂಡು ಅಡಿಯಲ್ಲಿ ತೇವ ನಿಲ್ಲಿಸುತ್ತದೆ. ಅದನ್ನೇ ಬಳಸಬೇಕಾದರೆ ಒಂದೆರಡು ಅಂಗುಲಕ್ಕೆ ಕತ್ತರಿಸಬೇಕು.

ನುಣುಪಾದ ಕಾಗದವೊಂದನ್ನೇ ಹಾಸುವುದು ದೊಡ್ಡ ತಪ್ಪು. ಮರಿಯ ಎಳೆಯ ಕಾಲುಗಳು ಅದರ ಮೇಲೆ ಜಾರಿ ಎರಡೂ ಬದಿಗೆ ಹರಡಿಕೊಳ್ಳುತ್ತವೆ. ಕೆಲವು ದಿನ ಹಾಗೆಯೇ ಬಿಟ್ಟರೆ ಮರಿ ನೆಟ್ಟಗೆ ನಿಲ್ಲಲಾರದೆ ಹೋಗುತ್ತದೆ. ಪಾದರಕ್ಷೆಯ ಪೆಟ್ಟಿಗೆಯ ಮರಿಗಳು ಮೊದಲ ಗಂಟೆಯಿಂದಲೇ ಎಡವಿ ಬೀಳುತ್ತಿದ್ದುದು ನೆನಪಿರಬಹುದು. ಮನೆಮಂದಿ ಅದನ್ನು ಮುದ್ದಾಟವೆಂದು ನಕ್ಕಿದ್ದರು. ಹೊಟ್ಟಿನ ಮೇಲೆ ಮೊದಲ ಎರಡು ಮೂರು ದಿನ ಒರಟು ಕಾಗದವನ್ನೋ, ಏರುತಗ್ಗಿನ ಗೆರೆಗಳಿರುವ ರಟ್ಟನ್ನೋ ಹೊದಿಸುವುದುಂಟು. ಯಾವುದು ಮೇವು, ಯಾವುದು ಹೊಟ್ಟು ಎಂಬುದು ಮರಿಗೆ ಇನ್ನೂ ತಿಳಿಯದ ಕಾಲದಲ್ಲಿ ಅದರ ಮೇಲೆ ಮೆಕ್ಕೆಜೋಳದ ನುಚ್ಚನ್ನು ಚೆಲ್ಲಿದರೆ ಮರಿ ಕುಟುಕಲು ಕಲಿಯುತ್ತದೆ. ಕಾಗದವನ್ನು ದಿನವೂ ಬದಲಿಸಿ, ಮರಿಗಳು ಮೇವನ್ನು ಗುರುತಿಸಿದೊಡನೆ ತೆಗೆದುಬಿಡಬೇಕು.

ಯಾವ ಹಾಸನ್ನು ಆರಿಸಿದರೂ ಮೊದಲು ಒಂದೆರಡು ದಿನ ಕಡುಬಿಸಿಲಿಗೆ ಹರಡಿ ಒಣಗಿಸಬೇಕು. ಎರಡರಿಂದ ಮೂರು ಅಂಗುಲ ದಪ್ಪವಾಗಿ ಹಾಸಬೇಕು. ಮುಂದಿನ ದಿನಗಳಲ್ಲಿ ಅದರ ಸ್ಥಿತಿಯನ್ನು ತಿಳಿಯಲು ಸುಲಭವಾದ ಒಂದು ಪರೀಕ್ಷೆಯುಂಟು: ಒಂದು ಹಿಡಿ ತೆಗೆದುಕೊಂಡು ಬಿಗಿಯಾಗಿ ಹಿಸುಕಿ ಕೈ ಬಿಚ್ಚಬೇಕು. ಉಂಡೆಯಾಗಿ ನಿಂತರೆ ತೇವ ಹೆಚ್ಚಾಗಿದೆ. ಸ್ವಲ್ಪ ಅಂಟಿಕೊಂಡಂತಾಗಿ ಮೆಲ್ಲನೆ ಉದುರಿದರೆ ಸರಿಯಾಗಿದೆ. ಧೂಳೆದ್ದರೆ ಅತಿಯಾಗಿ ಒಣಗಿದೆ.

ಮೊದಲ ದಿನ

ಮರಿಗಳು ಬಂದ ಮೇಲೆ ಬ್ರೂಡರನ್ನು ಸಿದ್ಧಪಡಿಸಲು ಹೊರಡುವುದು, ನೆಂಟರು ಬಾಗಿಲಲ್ಲಿ ನಿಂತಾಗ ಒಲೆ ಹೊತ್ತಿಸಿದಂತೆ. ಒಂದು ದಿನ ಮುಂಚೆಯೇ ಹಾಸು ಹಾಸಿ ದೀಪ ಬೆಳಗಿಸಿ ನೆಲ ಬೆಚ್ಚಗಾಗುವಂತೆ ಮಾಡಿರಬೇಕು. ಹಾಸಿನಿಂದ ಎರಡು ಅಂಗುಲ ಮೇಲೆ, ಎಂದರೆ ಮರಿಯ ಬೆನ್ನಿನ ಮಟ್ಟದಲ್ಲಿ, ಉಷ್ಣಮಾಪಕವಿಟ್ಟು ನೋಡಿದರೆ ಶಾಖದ ಭಾಗದಲ್ಲಿ 35 ಡಿಗ್ರಿ ಸೆಲ್ಸಿಯಸ್, ಹಳೆಯ ಲೆಕ್ಕದಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್, ಇರಬೇಕು.

ಬಂದೊಡನೆ ಮೊದಲು ನೀರು, ಆಮೇಲೆ ಮೇವು. ಪ್ರಯಾಣದಲ್ಲಿ ಬಳಲಿದ ಮರಿಗಳ ಕೊಕ್ಕನ್ನು ಒಂದೊಂದಾಗಿ ನೀರಿಗೆ ಮುಟ್ಟಿಸಿ ಬಿಟ್ಟರೆ ದಾರಿ ತಿಳಿಯುತ್ತದೆ. ನೀರಿಗೆ ಸ್ವಲ್ಪ ಬೆಲ್ಲ ಬೆರೆಸುವುದು ನಮ್ಮ ಕಡೆಯ ವಾಡಿಕೆ. ನೀರು ತೀರ ತಣ್ಣಗಿರಬಾರದು. ತೆರೆದ ಬಟ್ಟಲಿನಲ್ಲಿ ಮರಿ ಬಿದ್ದು ತೊಯ್ದರೆ ಅದರ ತುಪ್ಪುಳು ಮೈಗಂಟಿ ಎಷ್ಟು ದೀಪವಿದ್ದರೂ ಬೆಚ್ಚಗಾಗದು. ಆದ್ದರಿಂದ ಕಿರಿದಾದ ಅಂಚಿನ ಕುಡಿಯುವ ಪಾತ್ರೆ ಇಡಬೇಕು, ಅದಿಲ್ಲದಿದ್ದರೆ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ತುಂಬಿ ನಡುವೆ ನೀರು ಹೊಯ್ಯಬೇಕು. ಪಾತ್ರೆಯನ್ನು ದೀಪದ ನೇರಕ್ಕೆ ಇಡದೆ, ಸಣ್ಣ ಹಲಗೆಯ ಮೇಲೆ ತುಸು ಎತ್ತರಿಸಿಟ್ಟರೆ ನೀರಿಗೆ ಹೊಟ್ಟು ಬೀಳದು, ಹೊಟ್ಟಿಗೆ ನೀರು ಚೆಲ್ಲದು. ಬರಿಯ ಅಕ್ಕಿಯ ನುಚ್ಚು ಮೊದಲ ದಿನದ ಆಟಕ್ಕೆ ಸಾಕೇ ಹೊರತು ಬೆಳವಣಿಗೆಗೆ ಸಾಲದು. ಮರಿಗಳಿಗೆಂದೇ ತಯಾರಿಸಿದ ಸಸಾರಜನಕಯುಕ್ತ ಮೇವನ್ನು ಬೇಗನೆ ಆರಂಭಿಸಬೇಕು.

ಮರಿಗಳ ಭಾಷೆ

ಇಷ್ಟೆಲ್ಲ ಅಂಕಿಗಳನ್ನು ಹೇಳಿದ ಮೇಲೆ ಒಂದು ಮಾತನ್ನು ಹೇಳಲೇಬೇಕು. ಉಷ್ಣಮಾಪಕ ಒಂದು ಜಾಗದ ಬಿಸಿಯನ್ನು ತಿಳಿಸೀತು. ಮರಿಯ ಸುಖವನ್ನು ತಿಳಿಸದು. ಅದನ್ನು ಹೇಳುವುದು ಮರಿಗಳೇ.

ಎಲ್ಲವೂ ದೀಪದ ನೇರ ಕೆಳಗೆ ಮುದ್ದೆಯಾಗಿ ಸೇರಿ ಗಟ್ಟಿಯಾಗಿ, ಬಿಡುವಿಲ್ಲದೆ ಕೂಗುತ್ತಿದ್ದರೆ ಅವುಗಳಿಗೆ ಚಳಿ, ದೀಪವನ್ನು ತಗ್ಗಿಸಬೇಕು. ಎಲ್ಲವೂ ಗೋಡೆಯ ಅಂಚಿಗೆ ಸರಿದು, ರೆಕ್ಕೆ ಇಳಿಬಿಟ್ಟು, ಕೊಕ್ಕು ತೆರೆದು ಏದುತ್ತಿದ್ದರೆ ಸೆಕೆ, ದೀಪವನ್ನು ಏರಿಸಬೇಕು. ಒಂದೇ ಪಕ್ಕಕ್ಕೆ ಗುಂಪುಗೂಡಿದ್ದರೆ ಇನ್ನೊಂದು ಪಕ್ಕದಿಂದ ಗಾಳಿ ನುಗ್ಗುತ್ತಿದೆ. ಸಂದನ್ನು ಹುಡುಕಿ ಮುಚ್ಚಬೇಕು. ಕೆಲವು ತಿನ್ನುತ್ತ, ಕೆಲವು ಕುಡಿಯುತ್ತ, ಕೆಲವು ಕಾಲು ಚಾಚಿ ಹಾಸಿನ ಮೇಲೆ ಮೈಚೆಲ್ಲಿ ನಿದ್ರಿಸುತ್ತ, ನಡುನಡುವೆ ಮೆಲುದನಿಯಲ್ಲಿ ಗುನುಗುತ್ತಿದ್ದರೆ ಎಲ್ಲವೂ ಸರಿಯಾಗಿದೆ. ಹಾಗೆ ಮೈಚೆಲ್ಲಿ ಮಲಗಿದ ಮರಿಯನ್ನು ಮೊದಲ ಸಲ ಕಂಡವರು ಸತ್ತಿತೆಂದು ಗಾಬರಿಪಡುವುದುಂಟು. ಆದರೆ ಅದು ನೆಮ್ಮದಿಯ ಗುರುತು.

ಪಾದರಕ್ಷೆಯ ಪೆಟ್ಟಿಗೆಯಿಂದ ನಡುರಾತ್ರಿಯವರೆಗೆ ಕೇಳಿದ ಕೂಗು ಏನೆಂದು ಈಗ ತಿಳಿಯುತ್ತದೆ. ಅದು ಆಟದ ಸದ್ದಲ್ಲ. ತಾಯಿಯನ್ನು ಕರೆಯುವ ಕೂಗು. ತಾಯಿಕೋಳಿಯಿದ್ದಿದ್ದರೆ ಆ ದನಿಗೆ ಓಗೊಟ್ಟು ಓಡಿಬರುತ್ತಿತ್ತು. ಮನೆಯವರಿಗೆ ಆ ಭಾಷೆ ತಿಳಿದಿರಲಿಲ್ಲ. ಕೂಗು ನಿಂತಾಗ ಅವರು ಸಮಾಧಾನಗೊಂಡರು.

ಮುಂದಿನ ವಾರಗಳು

ವಾರಕ್ಕೆ ಸುಮಾರು ಮೂರು ಡಿಗ್ರಿ ಸೆಲ್ಸಿಯಸಿನಂತೆ ಶಾಖವನ್ನು ಇಳಿಸುತ್ತ ಬರಬೇಕು: ಎರಡನೆಯ ವಾರ 32, ಮೂರನೆಯ ವಾರ 29, ಹೀಗೆ. ಗರಿ ಮೂಡಿದಂತೆ ಮರಿಯ ಸಾಲ ತೀರುತ್ತದೆ. ನಾಲ್ಕೈದು ವಾರಗಳಲ್ಲಿ ಹೊರಗಿನ ಹವೆಗೆ ಅದು ಒಗ್ಗಿಕೊಳ್ಳುತ್ತದೆ. ಊರಿನ ಹವೆಯನ್ನು ನೋಡಿ ನಡೆಯುವುದು ಇಲ್ಲಿ ಮುಖ್ಯ. ಏಪ್ರಿಲ್ ತಿಂಗಳ ಕಲಬುರಗಿ ರಾಯಚೂರುಗಳಲ್ಲಿ ಹಗಲು 40 ಡಿಗ್ರಿ ಮುಟ್ಟಿದಾಗ ದೀಪ ಉರಿಸುವುದು ಮರಿಗಳನ್ನು ಬೇಯಿಸಿದಂತೆ. ಅಲ್ಲಿ ಬೇಕಾದುದು ನೆರಳು, ಗಾಳಿ, ನೀರು. ಜುಲೈ ತಿಂಗಳ ಮಲೆನಾಡಿನಲ್ಲಿ ಶಾಖಕ್ಕಿಂತ ಹಾಸನ್ನು ಒಣಗಿಸಿಡುವುದೇ ದೊಡ್ಡ ಸಾಹಸ. ಬೆಂಗಳೂರಿನ ಡಿಸೆಂಬರ್ ರಾತ್ರಿ ಹಗಲಿನ ಹಿತವಾದ ಹವೆಯನ್ನು ನಂಬಿ ದೀಪವಾರಿಸಿದವರನ್ನು ವಂಚಿಸುತ್ತದೆ.

ವಿದ್ಯುತ್ತು ಹೋದ ರಾತ್ರಿಗೆ ಏನು ಗತಿ ಎಂಬುದನ್ನು ಮೊದಲೇ ಯೋಚಿಸಿರಬೇಕು. ಬಿಸಿನೀರು ತುಂಬಿದ ಬಾಟಲಿಗಳಿಗೆ ಬಟ್ಟೆ ಸುತ್ತಿ ಮರಿಗಳ ನಡುವೆ ಇಡುವುದು ಎಲ್ಲರಿಗೂ ಸಾಧ್ಯವಾದ ಉಪಾಯ. ಕೆಂಡದ ಒಲೆಯನ್ನು ಮುಚ್ಚಿದ ಕೋಣೆಯಲ್ಲಿ ಇಡುವುದು ಮಾತ್ರ ಅಪಾಯ. ಅದರ ಕಾಣದ ವಿಷಾನಿಲ ಮರಿಗಳನ್ನಷ್ಟೇ ಅಲ್ಲ, ಪಕ್ಕದಲ್ಲಿ ಮಲಗಿದ ಮನುಷ್ಯರನ್ನೂ ಬಿಡದು.

ಹಾಸಿನ ಆರೈಕೆ ದಿನವೂ ನಡೆಯಬೇಕು. ನೀರಿನ ಪಾತ್ರೆಯ ಸುತ್ತ ತೊಯ್ದ ಹೊಟ್ಟನ್ನು ಅಂದಂದೇ ತೆಗೆದು ಹೊಸದನ್ನು ಹಾಕಬೇಕು. ಉಳಿದುದನ್ನು ಕೈಯಾಡಿಸಿ ಮೇಲುಕೆಳಗು ಮಾಡಬೇಕು. ಇದರ ಹಿಂದೆ ಸ್ಪಷ್ಟವಾದ ಕಾರಣವುಂಟು. ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯೋಸಿಸ್ ರೋಗದ ಜೀವಿಗಳು ಹಿಕ್ಕೆಯೊಡನೆ ಹೊರಬಿದ್ದಾಗ ಇನ್ನೂ ರೋಗ ಹರಡುವ ಸ್ಥಿತಿಯಲ್ಲಿರುವುದಿಲ್ಲ. ತೇವವೂ ಬೆಚ್ಚನೆಯ ಹವೆಯೂ ಸಿಕ್ಕಿದರೆ ಒಂದೆರಡು ದಿನಗಳಲ್ಲಿ ಅವು ಪಕ್ವವಾಗುತ್ತವೆ. ಬ್ರೂಡರಿನಲ್ಲಿ ಬೆಚ್ಚಗಿರುವುದನ್ನು ತಪ್ಪಿಸುವಂತಿಲ್ಲ, ತಪ್ಪಿಸಬಹುದಾದುದು ತೇವವೊಂದೇ. ಅಂದಂದಿನ ತೇವವನ್ನು ಅಂದಂದೇ ತೆಗೆದವನು ಆ ಸರಪಳಿಯ ಕೊಂಡಿಯೊಂದನ್ನು ಕಳಚಿದಂತೆ. ತೊಯ್ದ ಹಾಸಿನಿಂದ ಏಳುವ ಅಮೋನಿಯಾ ಘಾಟು ಕಣ್ಣನ್ನೂ ಶ್ವಾಸನಾಳವನ್ನೂ ಕೆಡಿಸುತ್ತದೆ. ನಿಂತವರ ಮೂಗಿಗೆ ಅದು ತಿಳಿಯದೆ ಹೋಗಬಹುದು. ಬಾಗಿ ಮರಿಯ ಎತ್ತರದಲ್ಲಿ ಮೂಸಿ ನೋಡಬೇಕು.

ರಾಣಿಖೇತ್ ರೋಗಕ್ಕೆ ಮೊದಲ ವಾರದಲ್ಲಿಯೇ ಹಾಕುವ ಲಸಿಕೆಯನ್ನು ಪಶುವೈದ್ಯರಿಂದ ತಪ್ಪದೆ ಹಾಕಿಸಬೇಕು. ಮಕ್ಕಳಿಗೆ ಹೇಳಿಕೊಡಬೇಕಾದ ಪಾಠವೂ ಒಂದುಂಟು: ಮರಿಗಳನ್ನು ಮುಟ್ಟಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯುವುದು, ಮುಖದ ಬಳಿ ತಂದು ಮುದ್ದಿಸದಿರುವುದು. ಆರೋಗ್ಯವಾಗಿ ಕಾಣುವ ಮರಿಯಲ್ಲಿಯೂ ಮನುಷ್ಯನಿಗೆ ವಾಂತಿಭೇದಿ ತರುವ ಕ್ರಿಮಿಗಳಿರಬಹುದು.

ಮತ್ತೆ ಆ ಬುಟ್ಟಿಯ ಬಳಿಗೆ

ಜಾತ್ರೆಯ ಬುಟ್ಟಿಯಲ್ಲಿ ಬಣ್ಣ ಹಚ್ಚಿಸಿಕೊಂಡು ಕುಳಿತ ಮರಿಗಳು ಬಹುಮಟ್ಟಿಗೆ ಮೊಟ್ಟೆಯ ತಳಿಗಳ ಗಂಡುಮರಿಗಳು. ಅವು ಮೊಟ್ಟೆ ಇಡುವುದಿಲ್ಲ, ಮಾಂಸದ ತಳಿಗಳಂತೆ ಬೇಗ ತೂಗುವುದಿಲ್ಲ. ಆದುದರಿಂದ ಮರಿ ಮಾಡುವ ಕೇಂದ್ರಗಳಿಗೆ ಅವು ಬೇಡದ ಸರಕು. ಜರ್ಮನಿ ದೇಶ ಇಂಥ ಗಂಡುಮರಿಗಳನ್ನು ಹುಟ್ಟಿದೊಡನೆ ಕೊಲ್ಲುವುದನ್ನು 2022ರ ಆರಂಭದಿಂದ ನಿಷೇಧಿಸಿತು. ನಮ್ಮ ಬೀದಿಗಳಲ್ಲಿ ಅವು ಆಟಿಕೆಗಳ ಬೆಲೆಗೆ ಮಾರಾಟವಾಗಿ, ಆಟಿಕೆಗಳಷ್ಟು ಕಾಲವೂ ಬಾಳುವುದಿಲ್ಲ.

ಕಾವಿನ ಏರ್ಪಾಡಿಲ್ಲದ ಮನೆಗೆ ಮರಿಗಳನ್ನು ತರದಿರುವುದೇ ಅವುಗಳಿಗೆ ಮಾಡುವ ಉಪಕಾರ. ತರುವ ಮನಸ್ಸು ನಿಜವಾಗಿಯೂ ಇದ್ದರೆ, ಮಗುವಿನ ಕೈಗೆ ಮರಿಯನ್ನು ಕೊಡುವ ಮುನ್ನ ಒಂದು ಹಿಡಿ ಹೊಟ್ಟನ್ನು ಕೊಡಬಹುದು. ಅದನ್ನು ಬಿಸಿಲಿಗೆ ಹರಡಲಿ, ಹಿಸುಕಿ ನೋಡಲಿ, ರಟ್ಟನ್ನು ದುಂಡಗೆ ಬಾಗಿಸಲಿ, ದೀಪದ ಕೆಳಗೆ ತನ್ನ ಅಂಗೈಯನ್ನಿಟ್ಟು ಕಾವನ್ನು ಅಳೆಯಲಿ. ಎಲ್ಲವೂ ಸಿದ್ಧವಾದ ಮರುದಿನ ಮರಿಗಳು ಬರಲಿ.

ಆ ರಾತ್ರಿಯೂ ಮನೆಮಂದಿ ಮಲಗುವ ಮುನ್ನ ಬಾಗಿ ನೋಡುತ್ತಾರೆ. ಹಾಸಿನ ಮೇಲೆ ಮರಿಗಳು ಕಾಲು ಚಾಚಿ, ಕತ್ತು ನೀಡಿ, ಅಲ್ಲೊಂದು ಇಲ್ಲೊಂದು ಹರಡಿಕೊಂಡು ಬಿದ್ದಿರುತ್ತವೆ.

“ಅಜ್ಜಿ, ಇವು ಕೂಗುತ್ತಲೇ ಇಲ್ಲವಲ್ಲ!” ಎಂದು ಮಗು ಹೆದರಿ ಕೇಳುತ್ತದೆ.

“ಕೂಗುವುದೇಕೆ ಮಗು? ಬೆಚ್ಚಗಿವೆ” ಎನ್ನುತ್ತಾಳೆ ಅಜ್ಜಿ.

ಈ ಸಲ ಅಜ್ಜಿಯ ಮಾತು ಸಾಂತ್ವನವಷ್ಟೇ ಅಲ್ಲ, ಸತ್ಯವೂ ಹೌದು.